ನಡೆಯುವವರ ಬೀದಿಯನ್ನು ಕಾಯುವವರು ಯಾರು?

ಬೆಂಗಳೂರಿನ ಚರ್ಚ್‌ಸ್ಟ್ರೀಟ್ ಮುಕ್ಕಾಲು ಕಿಲೋಮೀಟರಿನಷ್ಟು ಉದ್ದದ ಬೀದಿ. ಒಂದು ತುದಿಗೆ ಬ್ರಿಗೇಡ್ ರಸ್ತೆ, ಮತ್ತೊಂದು ತುದಿಗೆ ಸೇಂಟ್ ಮಾರ್ಕ್ಸ್ ರಸ್ತೆ. ಮಹಾತ್ಮ ಗಾಂಧಿ ರಸ್ತೆಯ ಬೆನ್ನಿಗೇ ಅಂಟಿಕೊಂಡಂತೆ ಸಾಗುವ ಈ ಬೀದಿಯನ್ನು 2017ರಲ್ಲಿ ಅಗೆದು, ವರ್ಷದ ಮಟ್ಟಿಗೆ ಮುಚ್ಚಿ, 2018ರಲ್ಲಿ ಹೊಸ ರೂಪದಲ್ಲಿ ಜನರಿಗೆ ಒಪ್ಪಿಸಲಾಯಿತು. ಡಾಂಬರು ಹೋಗಿ ಸಣ್ಣ ಸಣ್ಣ ಗ್ರಾನೈಟ್ ಕಲ್ಲುಗಳ ಹಾಸು ಬಂತು. ಪಾದಚಾರಿ ಮಾರ್ಗ ಅಗಲವಾಯಿತು. ವಾಹನಗಳು ಅದರ ಮೇಲೆ ಏರದಂತೆ ಮೋಟುಗಂಬಗಳು ನಿಂತವು. ನಗರದ ಜನ ಕುಟುಂಬ ಸಮೇತ ಬಂದು ನಿಂತು ನೋಡಿದರು. ಒಂದು ರಸ್ತೆಯನ್ನು ನೋಡುವುದಕ್ಕೆಂದೇ ಜನ ಬರುವುದು ಬೆಂಗಳೂರಿನಂಥ ಊರಿನಲ್ಲಿ ಸಣ್ಣ ಸಂಗತಿಯಲ್ಲ.

ಆ ಮೊದಲ ಉತ್ಸಾಹ ಕರಗಿ ವರ್ಷಗಳೇ ಕಳೆದಿವೆ. ಬೀದಿ ಸೋತಿದೆ ಎಂದು ನಾನು ಹೇಳಲಾರೆ. ಸಂಜೆಯ ಹೊತ್ತು ಅಲ್ಲಿ ಕಾಣುವಷ್ಟು ನಡೆಯುವ ಜನ ನಗರದ ಬೇರೆ ಬೀದಿಗಳಲ್ಲಿ ಅಪರೂಪ. ಆದರೆ ಅದೇ ಸಂಜೆ ಆ ಜನರ ನಡುವೆ ಹಾರ್ನ್ ಒತ್ತುತ್ತ ಕಾರುಗಳು ತೆವಳುತ್ತವೆ. ಸರಕು ಇಳಿಸುವ ಗಾಡಿಗಳು ಅಡ್ಡ ನಿಲ್ಲುತ್ತವೆ. ಹಾಸಿದ ಕೆಲವೇ ವರ್ಷಗಳಲ್ಲಿ ಅಲ್ಲಲ್ಲಿ ಕಲ್ಲುಗಳು ಸಡಿಲಗೊಂಡು, ಕುಸಿದು, ತೇಪೆ ಹಾಕಿಸಿಕೊಂಡವು. ಪಾದಚಾರಿಗಳಿಗೆಂದು ಮರುರೂಪಿಸಿದ ಬೀದಿ ಇಂದಿಗೂ ಪಾದಚಾರಿಗಳದ್ದಾಗಿಲ್ಲ. ಬೀದಿಯನ್ನು ಕಟ್ಟುವುದಕ್ಕೆ ನಮ್ಮಲ್ಲಿ ಹಣವಿದೆ, ಗುತ್ತಿಗೆದಾರರಿದ್ದಾರೆ, ವಾಸ್ತುಶಿಲ್ಪಿಗಳಿದ್ದಾರೆ. ಕಟ್ಟಿದ ಮರುದಿನದಿಂದ ಅದನ್ನು ಯಾರು, ಯಾವ ನಿಯಮದಡಿ ನಡೆಸಬೇಕು ಎಂಬ ಪ್ರಶ್ನೆಗೆ ಮಾತ್ರ ಉತ್ತರವಿಲ್ಲ. ಈ ಲೇಖನದ ಕಾಳಜಿ ಅದು.

ಹಿತ್ತಿಲ ಬೀದಿಯ ಕಥೆ

ಬೆಂಗಳೂರಿಗೆ ಎರಡು ಹುಟ್ಟುಗಳಿವೆ. ಕೆಂಪೇಗೌಡರು 1537ರಲ್ಲಿ ಕಟ್ಟಿದ ಪೇಟೆ ಒಂದು. 1809ರಲ್ಲಿ ಬ್ರಿಟಿಷರು ತಮ್ಮ ಸೈನ್ಯಕ್ಕಾಗಿ ಪೂರ್ವ ದಿಕ್ಕಿನಲ್ಲಿ ನೆಲೆಗೊಳಿಸಿದ ದಂಡು ಇನ್ನೊಂದು. ಪೇಟೆಯ ಬೀದಿಗಳು ಕಸುಬಿನ ಹೆಸರು ಹೊತ್ತವು. ದಂಡಿನ ಬೀದಿಗಳು ಸೈನ್ಯದ ಮತ್ತು ಚರ್ಚಿನ ಹೆಸರು ಹೊತ್ತವು. ಕವಾಯತು ಮೈದಾನದ ದಕ್ಷಿಣಕ್ಕಿದ್ದ ಸೌತ್ ಪೆರೇಡ್ 1948ರಲ್ಲಿ ಮಹಾತ್ಮ ಗಾಂಧಿ ರಸ್ತೆಯಾಯಿತು. 1812ರಲ್ಲಿ ಮೊದಲು ಕಟ್ಟಲಾದ ಸೇಂಟ್ ಮಾರ್ಕ್ಸ್ ಚರ್ಚಿನ ಸಮೀಪಕ್ಕೆ ಕೊಂಡೊಯ್ಯುವ ಹಿಂದಿನ ಬೀದಿ ಚರ್ಚ್‌ಸ್ಟ್ರೀಟ್ ಆಗಿಯೇ ಉಳಿಯಿತು. ಮುಂಬಾಗಿಲಿನ ವೈಭವವೆಲ್ಲ ಗಾಂಧಿ ರಸ್ತೆಯ ಪಾಲಾದರೆ, ಈ ಬೀದಿಯದು ಬಹುಕಾಲ ಹಿತ್ತಿಲ ಬಾಳು.

ಹಿತ್ತಿಲಲ್ಲಿ ಬೆಳೆಯುವುದಕ್ಕೆ ಅದರದೇ ಅನುಕೂಲಗಳಿವೆ. ಮುಂಬಾಗಿಲಿನ ಬಾಡಿಗೆ ಕೊಡಲಾರದವರು ಇಲ್ಲಿ ನೆಲೆ ಕಂಡುಕೊಂಡರು. ಗಾಂಧಿ ರಸ್ತೆಯಲ್ಲಿ ದಶಕಗಳ ಕಾಲ ಬರಹಗಾರರು, ವಕೀಲರು, ಕೆಲಸ ಹುಡುಕುವ ಪದವೀಧರರು ಎಲ್ಲರಿಗೂ ಒಂದೇ ಬೆಲೆಯ ಕಾಫಿ ಕೊಟ್ಟ ಇಂಡಿಯಾ ಕಾಫಿ ಹೌಸ್ 2009ರಲ್ಲಿ ಅಲ್ಲಿಂದ ಏಳಬೇಕಾಗಿ ಬಂದಾಗ ಸೇರಿದ್ದು ಚರ್ಚ್‌ಸ್ಟ್ರೀಟನ್ನು. ಅದೇ 2009ರಲ್ಲಿ, ಪಕ್ಕದ ಮ್ಯೂಸಿಯಂ ರಸ್ತೆಯಲ್ಲಿದ್ದ ಟಿ.ಎಸ್. ಶಾನಭಾಗರ ಪ್ರೀಮಿಯರ್ ಪುಸ್ತಕದಂಗಡಿ ಮುಚ್ಚಿತು. ನೆಲದಿಂದ ಮಾಡಿನವರೆಗೆ ಒಟ್ಟಿದ ಪುಸ್ತಕಗಳ ರಾಶಿಯಿಂದ ಕೇಳಿದ ಪುಸ್ತಕವನ್ನು ಕ್ಷಣದಲ್ಲಿ ಎಳೆದುಕೊಡುತ್ತಿದ್ದ ಶಾನಭಾಗರು 2021ರಲ್ಲಿ ತೀರಿಕೊಂಡರು. ಅವರು ಬೆಳೆಸಿದ ಓದುಗ ವರ್ಗವನ್ನು ಇಂದು ಚರ್ಚ್‌ಸ್ಟ್ರೀಟಿನ ಬ್ಲಾಸಮ್, ಬುಕ್‌ವರ್ಮ್‌ನಂಥ ಅಂಗಡಿಗಳು ಸಲಹುತ್ತಿವೆ. ಪಾದಚಾರಿ ಬೀದಿಯ ಚರ್ಚೆಯಲ್ಲಿ ಯಾರೂ ಮರೆಯಬಾರದ ಸಂಗತಿಯೊಂದು ಇಲ್ಲಿದೆ: ಬ್ಲಾಸಮ್ ಸ್ಥಾಪಿಸಿದ ಮಾಯಿಗೌಡರು ಮೈಸೂರು ಕಡೆಯ ಹಳ್ಳಿಯಿಂದ ಬಂದವರು, ಎಂಜಿನಿಯರಿಂಗ್ ಓದಿದವರು, ಪುಸ್ತಕ ವ್ಯಾಪಾರವನ್ನು ಆರಂಭಿಸಿದ್ದು ಗಾಂಧಿ ರಸ್ತೆಯ ಫುಟ್‌ಪಾತಿನ ಮೇಲೆ. ಇಂದು ಈ ಬೀದಿಯ ಹೆಗ್ಗುರುತೆಂದು ನಾವು ಹೊರಗಿನವರಿಗೆ ತೋರಿಸುವ ಅಂಗಡಿಯ ಮೂಲ ಒಂದು ಕಾಲುಹಾದಿಯ ಬದಿಯಲ್ಲಿದೆ.

ಮೂವತ್ತು ವರ್ಷಗಳಿಂದ ಪುಸ್ತಕಕ್ಕಾಗಿ ಈ ಬೀದಿಗೆ ಹೋಗುತ್ತಿರುವ ನನಗೆ 2017ರ ಹಿಂದಿನ ಚರ್ಚ್‌ಸ್ಟ್ರೀಟ್ ಚೆನ್ನಾಗಿ ನೆನಪಿದೆ. ಚರಂಡಿಯ ಮೇಲೆ ಒರಗಿಸಿಟ್ಟ ಕಲ್ಲುಚಪ್ಪಡಿಗಳೇ ಫುಟ್‌ಪಾತ್. ಒಂದರ ಮೇಲೆ ಕಾಲಿಟ್ಟರೆ ಇನ್ನೊಂದು ಏಳುತ್ತಿತ್ತು. ಮಳೆ ಬಂದರೆ ಯಾವ ಚಪ್ಪಡಿ ಎಲ್ಲಿ ಬಾಯ್ತೆರೆದಿದೆಯೆಂದು ತಿಳಿಯುತ್ತಿರಲಿಲ್ಲ. ಎರಡೂ ಬದಿಗೆ ಸಾಲಾಗಿ ನಿಂತ ವಾಹನಗಳ ಮಧ್ಯೆ ಜನ ನಡುರಸ್ತೆಯಲ್ಲೇ ನಡೆಯಬೇಕಿತ್ತು. ಜಲಮಂಡಳಿ ಅಗೆದು ಮುಚ್ಚಿದ್ದನ್ನು ವಿದ್ಯುತ್ ಕಂಪನಿ ಅಗೆಯುತ್ತಿತ್ತು. ಅದು ಮುಚ್ಚಿದ್ದನ್ನು ದೂರವಾಣಿಯವರು ಅಗೆಯುತ್ತಿದ್ದರು. ಈ ಅಗೆತದ ಸರಪಣಿಯನ್ನು ತುಂಡರಿಸುವ ಉದ್ದೇಶದಿಂದ ರೂಪುಗೊಂಡದ್ದು ಟೆಂಡರ್‌ಶ್ಯೂರ್ ಎಂಬ ಮಾನದಂಡ. ಒಳಚರಂಡಿ, ಕುಡಿಯುವ ನೀರು, ವಿದ್ಯುತ್, ಕೇಬಲ್ಲುಗಳಿಗೆ ನೆಲದಡಿಯಲ್ಲಿ ಪ್ರತ್ಯೇಕ ಕೊಳವೆಮಾರ್ಗ, ಮೇಲೆ ಸಮತಟ್ಟಾದ, ತಡೆಯಿಲ್ಲದ ನಡಿಗೆಯ ಜಾಗ, ಉಳಿದದ್ದು ವಾಹನಕ್ಕೆ. ಇದರ ಮೂಲಸೂತ್ರ ಇಷ್ಟೇ. ಸೇಂಟ್ ಮಾರ್ಕ್ಸ್, ರೆಸಿಡೆನ್ಸಿ, ಕನ್ನಿಂಗ್‌ಹ್ಯಾಂ ರಸ್ತೆಗಳ ನಂತರ ಚರ್ಚ್‌ಸ್ಟ್ರೀಟಿಗೂ ಅದು ಬಂತು. ವಾಸ್ತುಶಿಲ್ಪಿ ನರೇಶ್ ನರಸಿಂಹನ್ ಅವರ ವಿನ್ಯಾಸದಲ್ಲಿ ಬೀದಿಯ ಮಧ್ಯಭಾಗಕ್ಕೂ ಡಾಂಬರಿನ ಬದಲು ಕಲ್ಲೇ ಬಂದಿತು. ಕಲ್ಲುಹಾಸಿನ ಮೇಲೆ ವಾಹನದ ವೇಗ ತಾನಾಗಿ ತಗ್ಗುತ್ತದೆ ಎಂಬುದು ಅಂಥ ವಿನ್ಯಾಸಗಳ ಹಿಂದಿನ ಸರಳ ತರ್ಕ.

ತಿಂಗಳುಗಳ ಪ್ರಯೋಗ, ವರ್ಷಗಳ ಮೌನ

ತರ್ಕ ಸರಿ. ಆದರೆ ದಿನವಿಡೀ ವಾಹನಗಳ ಭಾರ ಹೊರುವ ರಸ್ತೆಗೆ ಸಣ್ಣ ಕಲ್ಲುಗಳ ಹಾಸನ್ನು ಕೊಟ್ಟ ಮೇಲೆ ಎರಡರಲ್ಲಿ ಒಂದನ್ನು ಆಯ್ದುಕೊಳ್ಳಲೇಬೇಕು: ವಾಹನಗಳನ್ನು ಕಡಿಮೆ ಮಾಡಬೇಕು, ಇಲ್ಲವೇ ಕಲ್ಲುಗಳನ್ನು ನಿರಂತರವಾಗಿ ದುರಸ್ತಿ ಮಾಡಿಸುತ್ತಿರಬೇಕು. ನಾವು ಎರಡನ್ನೂ ಮನಸ್ಸಿಟ್ಟು ಮಾಡಲಿಲ್ಲ.

ಮೊದಲನೆಯದು ಸಾಧ್ಯವೆಂದು ತೋರಿಸಿದ ಪ್ರಯೋಗವೊಂದು ಇದೇ ಬೀದಿಯಲ್ಲಿ ನಡೆದಿದೆ. ರಾಜ್ಯದ ನಗರ ಭೂಸಾರಿಗೆ ನಿರ್ದೇಶನಾಲಯ 2020ರ ನವೆಂಬರಿನಿಂದ 2021ರ ಆರಂಭದ ತಿಂಗಳುಗಳವರೆಗೆ ಪ್ರತಿ ವಾರಾಂತ್ಯ ಚರ್ಚ್‌ಸ್ಟ್ರೀಟಿಗೆ ಮೋಟಾರು ವಾಹನಗಳ ಪ್ರವೇಶವನ್ನು ನಿಲ್ಲಿಸಿತು. ‘ಶುದ್ಧ ಗಾಳಿಯ ಬೀದಿ’ ಎಂಬುದು ಯೋಜನೆಯ ಆಶಯ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಅದರ ಪರಿಣಾಮವನ್ನು ಅಳೆದರು. ಗಾಳಿಯ ಗುಣಮಟ್ಟ ಸುಧಾರಿಸಿದ್ದು, ನಡೆದು ಬರುವವರ ಸಂಖ್ಯೆ ಏರಿದ್ದು, ಬಂದವರಲ್ಲಿ ಬಹುಪಾಲು ಜನ ವ್ಯವಸ್ಥೆ ಮುಂದುವರಿಯಲಿ ಎಂದು ಬಯಸಿದ್ದು ಅಧ್ಯಯನದಲ್ಲಿ ಕಂಡುಬಂತು. ಕೊರೊನಾದ ಮೊದಲ ಅಲೆ ಇಳಿದ ದಿನಗಳವು. ತಿಂಗಳುಗಟ್ಟಲೆ ಮನೆಯಲ್ಲಿ ಕೂತು ಬೇಸತ್ತ ಮಂದಿ ಬೀದಿಯ ನಟ್ಟನಡುವೆ ನಿಶ್ಚಿಂತೆಯಿಂದ ನಡೆಯುವುದನ್ನು ನಾನು ಕಂಡಿದ್ದೇನೆ. ಮಕ್ಕಳ ಕೈಯನ್ನು ಬಿಗಿಯಾಗಿ ಹಿಡಿಯದೆ ತಾಯಂದಿರು ನಡೆಯುತ್ತಿದ್ದರು. ನಮ್ಮ ನಗರದಲ್ಲಿ ಅದೊಂದು ಅಪರೂಪದ ದೃಶ್ಯ.

ಪ್ರಯೋಗ ಮುಗಿಯಿತು, ವಾಹನಗಳು ಮರಳಿದವು. ಕಾಯಂ ವ್ಯವಸ್ಥೆ ಬರಲಿಲ್ಲ. ಅಳತೆ ಮಾಡಿ ಫಲ ಕಂಡ ಮೇಲೂ ಕೈಬಿಡುವುದಾದರೆ ಪ್ರಯೋಗ ಮಾಡಿದ್ದೇಕೆ? ಇದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ ವ್ಯಾಪಾರಿಗಳ ಆತಂಕ. ಕಾರು ನಿಲ್ಲಿಸಲು ಜಾಗವಿಲ್ಲದಿದ್ದರೆ ಗಿರಾಕಿ ಬರುವುದಿಲ್ಲ ಎಂಬ ಭಯ. ಈ ಭಯವನ್ನು ಹಗುರವಾಗಿ ತಳ್ಳಿಹಾಕಬಾರದು. ವರ್ಷಗಟ್ಟಲೆ ಅಗೆದಿಟ್ಟ ರಸ್ತೆಯ ಮುಂದೆ ಅಂಗಡಿ ತೆರೆದು ಕುಳಿತು ಬಾಡಿಗೆ ಕಟ್ಟಿದವರಿಗೆ ಸರ್ಕಾರದ ಭರವಸೆಗಳ ಮೇಲೆ ನಂಬಿಕೆ ಇಲ್ಲದಿರುವುದು ಸಹಜ. ಆದರೆ ಅನುಭವ ಬೇರೆಯದನ್ನು ಹೇಳುತ್ತದೆ. ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ಸ್ಟ್ರೋಯೆಟ್ ಎಂಬ ಮುಖ್ಯ ಬೀದಿಗೆ 1962ರಲ್ಲಿ ವಾಹನ ನಿಲ್ಲಿಸಿದಾಗ ಅಲ್ಲಿನ ವರ್ತಕರೂ ಹೀಗೆಯೇ ಪ್ರತಿಭಟಿಸಿದ್ದರು. ಬೀದಿಯಲ್ಲಿ ಅಡ್ಡಾಡುವುದು ಇಟಲಿಯವರ ಚಾಳಿ, ಚಳಿಯ ನಾಡಿನವರಾದ ನಮ್ಮದಲ್ಲ ಎಂಬ ವಾದವೂ ಬಂದಿತ್ತು. ಆ ಬೀದಿ ಆರು ದಶಕಗಳ ನಂತರವೂ ಪಾದಚಾರಿಗಳದ್ದಾಗಿ, ನಗರದ ಪ್ರಮುಖ ವ್ಯಾಪಾರ ಕೇಂದ್ರವಾಗಿ ಉಳಿದಿದೆ. ಚರ್ಚ್‌ಸ್ಟ್ರೀಟಿಗಂತೂ ಆಗ ಕೋಪನ್‌ಹೇಗನ್ನಿಗಿಲ್ಲದಿದ್ದ ಅನುಕೂಲವಿದೆ. 2011ರ ಅಕ್ಟೋಬರಿನಲ್ಲಿ ಬೆಂಗಳೂರಿನ ಮೊದಲ ಮೆಟ್ರೊ ರೈಲು ಓಡಿದ್ದು ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಗೆ. ನಿಲ್ದಾಣದಿಂದ ಕೆಲವೇ ನಿಮಿಷ ನಡೆದರೆ ಈ ಬೀದಿ ಸಿಗುತ್ತದೆ.

ಪಾದಚಾರಿ ಬೀದಿ ಎಂದೊಡನೆ ಅದು ವಿದೇಶದಿಂದ ತಂದ ಶೋಕಿ ಎಂದು ಮೂಗು ಮುರಿಯುವವರಿದ್ದಾರೆ. ಇದು ನಮ್ಮ ಊರುಗಳನ್ನು ನಾವೇ ಮರೆತ ಮಾತು. ಉಡುಪಿಯ ರಥಬೀದಿಯಲ್ಲಿ, ಮೇಲುಕೋಟೆಯಲ್ಲಿ, ಗೋಕರ್ಣದಲ್ಲಿ ಬೀದಿಯ ಅಗಲವನ್ನು ನಿರ್ಧರಿಸಿದ್ದು ತೇರು ಮತ್ತು ಅದನ್ನು ಎಳೆಯುವ ಜನ. ಚೈತ್ರದ ಹುಣ್ಣಿಮೆಯ ರಾತ್ರಿ ಕರಗ ಹೊರಟಾಗ ಬೆಂಗಳೂರಿನ ಪೇಟೆಯ ಬೀದಿಗಳಲ್ಲಿ ಬೆಳಗಿನ ತನಕ ಜನರದೇ ರಾಜ್ಯ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನೆರೆದಾಗ ಬುಲ್ ಟೆಂಪಲ್ ರಸ್ತೆಗೆ ವಾಹನ ಬರುವುದಿಲ್ಲ. ಯಾವ ವ್ಯಾಪಾರವೂ ಅದರಿಂದ ನಿಂತಿಲ್ಲ. ಹೊಸದಾಗಿ ಬೇಕಾಗಿರುವುದು ವರ್ಷದಲ್ಲಿ ಕೆಲವು ದಿನ ನಾವು ಸಹಜವಾಗಿ ಮಾಡುವುದನ್ನು ಆಯ್ದ ಕೆಲವು ಬೀದಿಗಳಲ್ಲಿ ನಿತ್ಯದ ನಿಯಮವಾಗಿಸುವ ಆಡಳಿತದ ಧೈರ್ಯ.

ಗೋಡೆಯ ಬಣ್ಣ, ಬೀದಿಯ ಕಲೆ

ಪಾದಚಾರಿ ಬೀದಿಯ ಯೋಜನೆಗಳಲ್ಲಿ ‘ಸಾರ್ವಜನಿಕ ಕಲೆ’ ಎಂಬ ಮಾತು ಈಗ ತಪ್ಪದೆ ಸೇರುತ್ತದೆ. ಬಹುತೇಕ ಸಂದರ್ಭಗಳಲ್ಲಿ ಅದರ ಅರ್ಥ ಕೊನೆಗೆ ಉಳಿದ ಹಣದಲ್ಲಿ ಒಂದೆರಡು ಗೋಡೆಗೆ ಬಣ್ಣ ಬಳಿಸುವುದು, ನಿಂತು ಚಿತ್ರ ತೆಗೆಸಿಕೊಳ್ಳಲು ಊರಿನ ಹೆಸರಿನ ದೊಡ್ಡ ಅಕ್ಷರಗಳನ್ನು ನೆಡಿಸುವುದು. ಕಲೆಗೂ ಆ ಬೀದಿಗೂ ಸಂಬಂಧವಿದೆಯೇ, ಐದು ವರ್ಷಗಳ ನಂತರ ಅದರ ಗತಿ ಏನು ಎಂದು ಯಾರೂ ಕೇಳುವುದಿಲ್ಲ.

ಬೆಂಗಳೂರಿನ ಈ ಬಗೆಗಿನ ಅನುಭವ ಸ್ವಾರಸ್ಯಕರವಾಗಿದೆ. 2009ರ ಸುಮಾರಿಗೆ ಮಹಾನಗರ ಪಾಲಿಕೆ ನಗರದ ಗೋಡೆಗಳ ಮೇಲೆ ಭಿತ್ತಿಪತ್ರ ಅಂಟಿಸುವುದನ್ನು ತಡೆಯಲು ಚಿತ್ರ ಬರೆಸಿತು. ಹಂಪಿಯ ಕಲ್ಲಿನ ರಥ, ಮೈಸೂರು ಅರಮನೆ, ಹುಲಿ, ಜಿಂಕೆ, ಜಲಪಾತಗಳು ರಸ್ತೆಬದಿಯ ಗೋಡೆಗಳಲ್ಲಿ ಮೂಡಿದವು. ಬರೆದವರಲ್ಲಿ ಅನೇಕರು ಸಿನಿಮಾ ಫಲಕ ಮತ್ತು ಅಂಗಡಿ ಬೋರ್ಡುಗಳನ್ನು ಬರೆಯುತ್ತಿದ್ದವರು. ಫ್ಲೆಕ್ಸ್ ಮುದ್ರಣ ಬಂದು ಕೆಲಸ ಕಳೆದುಕೊಂಡವರು. ಕಲಾವಿಮರ್ಶಕರು ಆ ಚಿತ್ರಗಳನ್ನು ಕ್ಯಾಲೆಂಡರ್ ಕಲೆಯೆಂದು ಲೇವಡಿ ಮಾಡಿದ್ದುಂಟು. ಆದರೆ ನಗರ ಒಂದು ಕಸುಬನ್ನು ಕೈಬಿಟ್ಟಾಗ ಅದೇ ನಗರದ ಗೋಡೆ ಅವರಿಗೆ ಕೆಲವು ಕಾಲ ಅನ್ನ ಕೊಟ್ಟಿತು ಎಂಬುದೂ ಅಷ್ಟೇ ನಿಜ. ಮುಂದೆ ಆ ಬಣ್ಣ ಮಾಸಿತು. ಮತ್ತೆ ಬರೆಸುವ ಯೋಚನೆ ಯಾರಿಗೂ ಬರಲಿಲ್ಲ.

ಇದರ ವಿರುದ್ಧ ದಿಕ್ಕಿನಿಂದ ಬಂದವರು ಮೈಸೂರಿನಲ್ಲಿ ಕಲೆ ಕಲಿತ ಬಾದಲ್ ನಂಜುಂಡಸ್ವಾಮಿ. ಯಾರ ಆಹ್ವಾನಕ್ಕೂ ಕಾಯದೆ, 2015ರಲ್ಲಿ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯ ನೀರಿನಲ್ಲಿ ಅವರು ಒಂದು ಮೊಸಳೆಯನ್ನು ತಂದಿಟ್ಟರು. 2019ರಲ್ಲಿ ಗಗನಯಾತ್ರಿಯ ವೇಷದ ನಟನೊಬ್ಬ ಗುಂಡಿಬಿದ್ದ ರಸ್ತೆಯ ಮೇಲೆ ಚಂದ್ರನ ಮೇಲೆ ನಡೆದಂತೆ ನಡೆದದ್ದನ್ನು ಲೋಕವೆಲ್ಲ ನೋಡಿತು. ಮನವಿಪತ್ರಗಳಿಗೆ ಜಗ್ಗದ ಇಲಾಖೆ ಆ ಕಲೆಗೆ ಜಗ್ಗಿ ಗುಂಡಿ ಮುಚ್ಚಿತು. ಸಾರ್ವಜನಿಕ ಕಲೆ ಎಂದರೆ ಬೀದಿಯನ್ನು ಸಿಂಗರಿಸುವುದೊಂದೇ ಅಲ್ಲ. ಬೀದಿಯ ಕುರಿತು ಜನರಿಗಿರುವ ಸಿಟ್ಟನ್ನು, ನಗುವನ್ನು ಬೀದಿಯಲ್ಲೇ ಆಡಿ ತೋರಿಸುವುದೂ ಹೌದು. ಹೊಸ ಚರ್ಚ್‌ಸ್ಟ್ರೀಟಿನಂಥ ಬೀದಿಗಳಲ್ಲಿ ಮೊದಲನೆಯದಕ್ಕೆ ಸ್ವಾಗತವಿದೆ; ಎರಡನೆಯದಕ್ಕೆ ಎಷ್ಟು ಜಾಗವಿದೆ ಎಂಬುದನ್ನು ನೋಡಬೇಕು.

ನನ್ನ ಮಟ್ಟಿಗೆ ಈ ನಗರದ ಅತ್ಯುತ್ತಮ ಸಾರ್ವಜನಿಕ ಕಲೆಯ ಮಾದರಿ ಚಿತ್ರಸಂತೆ. ಎರಡು ದಶಕಗಳಿಂದ ಕರ್ನಾಟಕ ಚಿತ್ರಕಲಾ ಪರಿಷತ್ತು ಜನವರಿಯ ಒಂದು ಭಾನುವಾರ ಕುಮಾರಕೃಪಾ ರಸ್ತೆಯನ್ನು ಕಲಾವಿದರಿಗೆ ಬಿಟ್ಟುಕೊಡುತ್ತ ಬಂದಿದೆ. ಆ ದಿನ ರಸ್ತೆಗೆ ವಾಹನವಿಲ್ಲ. ದೇಶದ ನಾನಾ ಭಾಗಗಳಿಂದ ಬಂದವರು ರಸ್ತೆಯ ಬದಿಯಲ್ಲಿ ಚಿತ್ರ ಹರಡುತ್ತಾರೆ. ನೂರಾರು ರೂಪಾಯಿಯ ರೇಖಾಚಿತ್ರದಿಂದ ಲಕ್ಷಾಂತರ ರೂಪಾಯಿಯ ವರ್ಣಚಿತ್ರದವರೆಗೆ ಎಲ್ಲವೂ ಒಂದೇ ಬೀದಿಯಲ್ಲಿ. ಗ್ಯಾಲರಿಯ ಗಾಜಿನ ಬಾಗಿಲು ತಳ್ಳಲು ಅಳುಕುವ ಜನ ಅಲ್ಲಿ ಚೌಕಾಸಿ ಮಾಡಿ ಚಿತ್ರ ಕೊಳ್ಳುತ್ತಾರೆ. ಅಲ್ಲಿ ಯಾರೂ ಗೋಡೆಗೆ ಬಣ್ಣ ಬಳಿದಿಲ್ಲ. ಬೀದಿಯನ್ನು ಕೊಟ್ಟರು, ಕಲೆ ತಾನಾಗಿ ಬಂತು.

ಚರ್ಚ್‌ಸ್ಟ್ರೀಟಿನಲ್ಲೂ ಕಲೆ ಬಂದದ್ದು ಹೀಗೆಯೇ. ಅಗಲವಾದ ಹಾಸುಗಲ್ಲಿನ ಮೇಲೆ ಸಂಜೆಗೆ ಗಿಟಾರ್ ಹಿಡಿದ ಹುಡುಗ ಹಾಡುತ್ತಾನೆ. ಹತ್ತು ನಿಮಿಷದಲ್ಲಿ ಪೆನ್ಸಿಲಿನಿಂದ ಮುಖಚಿತ್ರ ಬರೆದುಕೊಡುವವರು ಮಡಿಸುವ ಸ್ಟೂಲು ಹಾಕಿ ಕೂರುತ್ತಾರೆ. ಯೋಜನೆಯ ನಕ್ಷೆಯಲ್ಲಿ ಇವರಿಗೆ ಗುರುತು ಹಾಕಿದ ಜಾಗವಿಲ್ಲ. ಯಾರು ಬೇಕಾದರೂ ಬಂದು ಇವರನ್ನು ಎಬ್ಬಿಸಬಹುದು. ಲಂಡನ್ನಿನ ಸುರಂಗ ರೈಲು ನಿಲ್ದಾಣಗಳಲ್ಲಿ 2003ರಿಂದ ಹಾಡುವವರಿಗೆ ಪರವಾನಗಿ ಕೊಟ್ಟು ಜಾಗ ಗುರುತಿಸುವ ಕ್ರಮವಿದೆ. ಅಮೆರಿಕದ ಫಿಲಡೆಲ್ಫಿಯಾ ನಗರ 1959ರಷ್ಟು ಹಿಂದೆಯೇ ಪುನರ್‌ನಿರ್ಮಾಣ ಕಾಮಗಾರಿಗಳ ವೆಚ್ಚದಲ್ಲಿ ಶೇ 1ರಷ್ಟನ್ನು ಕಲೆಗೆ ಮೀಸಲಿಡಬೇಕೆಂಬ ನಿಯಮ ಮಾಡಿತು. ನಮ್ಮಲ್ಲಿ ರಸ್ತೆಗೆ ಕೋಟಿಗಳನ್ನು ಸುರಿಯುವಾಗ ಕಲಾವಿದನಿಗೆ ಸಿಗುವುದು ಬಹುಪಾಲು ಒಂದು ಪ್ರಮಾಣಪತ್ರ.

ನಿಲ್ಲುವವರ ಹಕ್ಕು

ಬೀದಿಯನ್ನು ಚೆಂದಗೊಳಿಸುವ ಕೆಲಸದಲ್ಲಿ ಒಂದು ಅಪಾಯ ಸದಾ ಅಡಗಿರುತ್ತದೆ. ಚೆಂದವೆಂಬುದು ಬಹುಬೇಗ ‘ಖಾಲಿ’ ಎಂಬ ಅರ್ಥ ಪಡೆಯುತ್ತದೆ. ಹಂಪಿಯ ವಿರೂಪಾಕ್ಷ ದೇವಾಲಯದ ಮುಂದಿನ ರಥಬೀದಿಯ ಸಾಲುಮಂಟಪಗಳಲ್ಲಿ ತಲೆಮಾರುಗಳಿಂದ ಬದುಕು, ಅಂಗಡಿ ಕಟ್ಟಿಕೊಂಡಿದ್ದವರನ್ನು 2011ರಲ್ಲಿ ಎಬ್ಬಿಸಲಾಯಿತು. ಸ್ಮಾರಕ ರಕ್ಷಣೆಯ ಕಾರಣ ಸಣ್ಣದಲ್ಲ. ಆ ಕಲ್ಲುಮಂಟಪಗಳು ಹಾಳಾಗುತ್ತಿದ್ದದ್ದೂ ಸುಳ್ಳಲ್ಲ. ಆದರೆ ಬಜಾರು ಎಂದೇ ಹೆಸರಾದ ಬೀದಿಯಲ್ಲಿ ಇಂದು ಬಜಾರಿಲ್ಲ.

ನಗರದ ಫುಟ್‌ಪಾತಿನಲ್ಲಿ ಎರಡು ಹಕ್ಕುಗಳು ಮುಖಾಮುಖಿಯಾಗುತ್ತವೆ. ಬೀದಿಯಲ್ಲಿ ವ್ಯಾಪಾರ ಮಾಡುವುದೂ ಸಂವಿಧಾನ ಕೊಟ್ಟ ವೃತ್ತಿ ಸ್ವಾತಂತ್ರ್ಯದೊಳಗೆ, ನಿಯಂತ್ರಣಕ್ಕೆ ಒಳಪಟ್ಟು, ಸೇರುತ್ತದೆ ಎಂದು ಸುಪ್ರೀಂ ಕೋರ್ಟ್ 1989ರಲ್ಲಿ ಸೋದನ್ ಸಿಂಗ್ ಪ್ರಕರಣದಲ್ಲಿ ಹೇಳಿತು. ತಡೆಯಿಲ್ಲದ ಪಾದಚಾರಿ ಮಾರ್ಗವನ್ನು ಬಳಸುವ ಹಕ್ಕು ಸಂವಿಧಾನದ 21ನೇ ವಿಧಿಯಡಿ ಜೀವಿಸುವ ಹಕ್ಕಿನ ಭಾಗ ಎಂದು ಅದೇ ನ್ಯಾಯಾಲಯ 2025ರ ಮೇ ತಿಂಗಳಲ್ಲಿ ಸ್ಪಷ್ಟಪಡಿಸಿತು. ಮೇಲ್ನೋಟಕ್ಕೆ ಇವು ಪರಸ್ಪರ ವಿರುದ್ಧ. ಆದರೆ ಎರಡನ್ನೂ ಒಂದೇ ಬೀದಿಯಲ್ಲಿ ಹೊಂದಿಸುವ ದಾರಿಯನ್ನು ಸಂಸತ್ತು 2014ರಲ್ಲೇ ಕಾಯಿದೆಯಾಗಿ ಕೊಟ್ಟಿದೆ. ಬೀದಿಬದಿ ವ್ಯಾಪಾರಿಗಳ ಆ ಕಾಯಿದೆಯ ಪ್ರಕಾರ ಸಮೀಕ್ಷೆಯಾಗಬೇಕು, ವ್ಯಾಪಾರದ ವಲಯಗಳನ್ನು ಗುರುತಿಸಬೇಕು, ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳ ಪ್ರತಿನಿಧಿಗಳಿರಬೇಕು; ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಿರಬೇಕು. ಸರಕು ಮಾರುವವರಷ್ಟೇ ಅಲ್ಲ, ಬೀದಿಯಲ್ಲಿ ಜನರಿಗೆ ಸೇವೆ ಒದಗಿಸುವವರೂ ಅದರ ವ್ಯಾಖ್ಯೆಯೊಳಗೆ ಬರುತ್ತಾರೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿ ನಡೆಯುವವರಿಗೆ ಕನಿಷ್ಠ 1.8 ಮೀಟರ್ ಅಗಲದ, ಅಡ್ಡಿಯಿಲ್ಲದ ಜಾಗ ಬೇಕೆನ್ನುತ್ತದೆ. ಆ ಅಗಲವನ್ನು ಮೊದಲು ಕಾಯ್ದಿರಿಸಿ, ಅದರಾಚೆಗಿನ ಪಟ್ಟಿಯಲ್ಲಿ ಹೂ ಮಾರುವವರಿಗೆ, ಹಳೆಯ ಪುಸ್ತಕ ಹರಡುವವರಿಗೆ, ಚಿತ್ರ ಬರೆಯುವವರಿಗೆ ಗುರುತು ಹಾಕಿಕೊಡಲು ತಾಂತ್ರಿಕ ತೊಡಕೇನೂ ಇಲ್ಲ. ನಮ್ಮ ಹಳೆಯ ರಸ್ತೆಗಳಲ್ಲಿ ನಡೆಯುವವರ ಜಾಗವನ್ನು ಹೆಚ್ಚು ಕಬಳಿಸಿರುವುದು ನಿಂತ ವಾಹನಗಳು. ತೆರವಿನ ಕಾರ್ಯಾಚರಣೆ ಮಾತ್ರ ಸದಾ ಬುಟ್ಟಿಯವರ ಮೇಲೆ.

ಗಾಂಧಿ ಬಜಾರಿನ ನವೀಕರಣ ಈ ಪ್ರಶ್ನೆಯನ್ನು ಇನ್ನೂ ತೀಕ್ಷ್ಣವಾಗಿ ಮುಂದಿಟ್ಟಿತು. ಬಾಳೆಲೆ, ವೀಳ್ಯದೆಲೆ, ಹೂವು, ಹಣ್ಣು, ಹಬ್ಬದ ಗೌರಿ–ಗಣೇಶ, ಹೀಗೆ ಆ ಬಜಾರಿನ ಜೀವವೇ ಬೀದಿಬದಿಯ ವ್ಯಾಪಾರ. 1943ರಲ್ಲಿ ಆರಂಭವಾದ ವಿದ್ಯಾರ್ಥಿ ಭವನದ ದೋಸೆಗೆ ಕಾಯುವ ಸಾಲಿನಷ್ಟೇ ಹೂವಿನ ಮಾರುಹಾಕುವ ಹೆಂಗಸರೂ ಅದರ ಚಹರೆ. ಕಾಮಗಾರಿ ಎಳೆದಾಡಿದ ಕಾಲದಲ್ಲಿ ಸ್ಥಳಾಂತರಗೊಂಡ ಬೀದಿ ವ್ಯಾಪಾರಿಗಳೂ ಅಂಗಡಿ ವರ್ತಕರೂ ನಷ್ಟದ ಬಗ್ಗೆ ದೂರಿದರು. ಮರಗಳ ಬಗ್ಗೆ ನಿವಾಸಿಗಳು ಆತಂಕಪಟ್ಟರು. ಬೀದಿ ಯಾರಿಗಾಗಿ ಎಂಬುದನ್ನು ನಕ್ಷೆ ಬರೆಯುವ ಮುನ್ನ ಅಲ್ಲಿನವರೊಡನೆ ಕೂತು ತೀರ್ಮಾನಿಸದಿದ್ದರೆ, ಆ ವಿವಾದ ಕಾಮಗಾರಿಯ ನಡುವೆ ಎದ್ದೇ ಏಳುತ್ತದೆ.

ನಡೆಯುವವರಲ್ಲೂ ಎಲ್ಲರೂ ಒಂದೇ ಅಲ್ಲ. ಸಣ್ಣ ಕಲ್ಲುಗಳ ಹಾಸು ಹರೆಯದವರಿಗೆ ಚೆಂದ. ಊರುಗೋಲಿನವರಿಗೆ, ಗಾಲಿಕುರ್ಚಿಯವರಿಗೆ ಅಷ್ಟು ಹಿತವಲ್ಲ. ಬದಿಯ ಪಾದಚಾರಿ ಮಾರ್ಗ ಸಮತಟ್ಟಾಗಿದ್ದರೂ ಅದರ ಮೇಲೆ ಒಂದು ಸ್ಕೂಟರ್ ನಿಂತರೆ ಗಾಲಿಕುರ್ಚಿ ಮತ್ತೆ ಕಲ್ಲುಹಾಸಿಗೆ ಇಳಿಯಬೇಕು. ಕೂತು ದಣಿವಾರಿಸಿಕೊಳ್ಳಲು ನೆರಳಿನ ಬೆಂಚು, ಹೆಂಗಸರು ಅಳುಕಿಲ್ಲದೆ ಬಳಸಬಹುದಾದ ಶುಚಿಯಾದ ಶೌಚಾಲಯ, ಕುಡಿಯುವ ನೀರು: ಇವು ಯಾವ ಶಿಲ್ಪಕ್ಕಿಂತಲೂ ಮೊದಲು ಬೇಕಾದವು. ರಾತ್ರಿಯ ಹೊತ್ತು ಬೀದಿಗೆ ಭದ್ರತೆ ಕೊಡುವುದೂ ಜನರ ಓಡಾಟವೇ. 2014ರ ಡಿಸೆಂಬರ್ 28ರಂದು ಇದೇ ಬೀದಿಯಲ್ಲಿ ಬಾಂಬ್ ಸ್ಫೋಟಿಸಿ ಮಹಿಳೆಯೊಬ್ಬರು ಸತ್ತರು. ಆನಂತರವೂ ಬೀದಿ ಬರಿದಾಗಲಿಲ್ಲ. ಜನ ಮತ್ತೆ ಬಂದು ನಡೆದದ್ದರಿಂದಲೇ ಅದು ಉಳಿಯಿತು.

ಹೊಣೆ ಯಾರದು?

ಇಷ್ಟೆಲ್ಲ ಹೇಳಿದ ಮೇಲೆ ಉಳಿಯುವುದು ಮೊದಲಿನ ಪ್ರಶ್ನೆ. ಚರ್ಚ್‌ಸ್ಟ್ರೀಟಿನ ಕಲ್ಲು ಎದ್ದರೆ ಒಂದು ಕಚೇರಿ, ವಾಹನ ಅಡ್ಡ ನಿಂತರೆ ಸಂಚಾರ ಪೊಲೀಸ್, ಕೊಳಚೆ ಉಕ್ಕಿದರೆ ಜಲಮಂಡಳಿ, ದೀಪ ಆರಿದರೆ ಇನ್ನೊಂದು ವಿಭಾಗ. ವಾಹನ ನಿರ್ಬಂಧದ ಪ್ರಯೋಗ ಮಾಡಿದ ನಿರ್ದೇಶನಾಲಯ ಇವೆಲ್ಲಕ್ಕಿಂತ ಬೇರೆ. ಬೀದಿಯನ್ನು ಇಡಿಯಾಗಿ ನೋಡುವ ಒಬ್ಬರೂ ಇಲ್ಲ. ಜನಪ್ರತಿನಿಧಿಯನ್ನು ಕೇಳೋಣವೆಂದರೆ, ಬೆಂಗಳೂರು ಮಹಾನಗರ ಪಾಲಿಕೆಯ ಚುನಾಯಿತ ಕೌನ್ಸಿಲಿನ ಅವಧಿ 2020ರ ಸೆಪ್ಟೆಂಬರಿನಲ್ಲೇ ಮುಗಿದಿತ್ತು. ಅಲ್ಲಿಂದ 2025ರ ಸೆಪ್ಟೆಂಬರಿನಲ್ಲಿ ಪಾಲಿಕೆಯೇ ಹೋಗಿ ಅದರ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ನಗರ ಪಾಲಿಕೆಗಳು ಬರುವವರೆಗೆ ನಗರಕ್ಕೆ ಕಾರ್ಪೊರೇಟರ್‌ಗಳೇ ಇರಲಿಲ್ಲ. ವಾಹನ ನಿಲ್ಲಿಸಿದ ಪ್ರಯೋಗ ಅರಳಿ ಬಾಡಿದ್ದೂ, ಕಲ್ಲುಗಳು ಸಡಿಲಗೊಂಡದ್ದೂ ಆ ಐದು ವರ್ಷಗಳಲ್ಲಿ. ಇದು ಕೇವಲ ಕಾಕತಾಳೀಯವೆಂದು ನನಗನ್ನಿಸುವುದಿಲ್ಲ.

ದೆಹಲಿಯ ಚಾಂದನಿ ಚೌಕ ಇದೇ ಪಾಠವನ್ನು ಇನ್ನೂ ದೊಡ್ಡ ಪ್ರಮಾಣದಲ್ಲಿ ಕಲಿಸುತ್ತದೆ. ಶಾಹಜಹಾನನ ಮಗಳು ಜಹನಾರಾ ಹದಿನೇಳನೆಯ ಶತಮಾನದಲ್ಲಿ ರೂಪಿಸಿದ ಆ ಬೀದಿಯನ್ನು ಕೆಂಪುಕೋಟೆಯ ಕಡೆಯಿಂದ ಫತೇಪುರಿ ಮಸೀದಿಯವರೆಗೆ ನವೀಕರಿಸಿ, ಬೆಳಿಗ್ಗೆ 9ರಿಂದ ರಾತ್ರಿ 9ರವರೆಗೆ ಮೋಟಾರು ವಾಹನ ನಿಷೇಧಿಸಿ, 2021ರ ಸೆಪ್ಟೆಂಬರಿನಲ್ಲಿ ಉದ್ಘಾಟಿಸಲಾಯಿತು. ಆದೇಶ ಸ್ಪಷ್ಟವಾಗಿತ್ತು. ಆದರೆ ನಿರ್ವಹಣೆ ಸಡಿಲವಾದಂತೆ ನಿಷೇಧದ ವೇಳೆಯಲ್ಲೇ ವಾಹನಗಳು ನುಸುಳತೊಡಗಿದವು. ಆದೇಶವೊಂದೇ ಸಾಲದು, ಅದನ್ನು ದಿನದಿನವೂ ಜಾರಿ ಮಾಡುವ ಕೈ ಬೇಕು.

ಹೀಗಾಗಿ ಹೊಸ ಪಾಲಿಕೆಗಳ ಮುಂದೆ ಇಡಬೇಕಾದ ಬೇಡಿಕೆಗಳು ದುಬಾರಿಯವಲ್ಲ. ಚರ್ಚ್‌ಸ್ಟ್ರೀಟಿನಲ್ಲಿ ವಾರಾಂತ್ಯದ ವಾಹನ ನಿರ್ಬಂಧವನ್ನು ಮರಳಿ ತಂದು, ದಿನಾಂಕ ಗೊತ್ತುಪಡಿಸಿ, ನಿತ್ಯದ ಸಂಜೆಗಳಿಗೂ ವಿಸ್ತರಿಸಲಿ. ಸರಕು ಗಾಡಿಗಳಿಗೆ ಬೆಳಗಿನ ವೇಳೆ, ಆಂಬುಲೆನ್ಸಿಗೆ, ಅಗ್ನಿಶಾಮಕಕ್ಕೆ ಮತ್ತು ಅಂಗವಿಕಲರ ವಾಹನಕ್ಕೆ ಸದಾ ಪ್ರವೇಶವಿರಲಿ. ಬೀದಿಗೆ ಒಬ್ಬ ಹೊಣೆಗಾರ ಅಧಿಕಾರಿ ಇರಲಿ. ಅವರ ಹೆಸರು ಮತ್ತು ದೂರವಾಣಿ ಸಂಖ್ಯೆ ಬೀದಿಯಲ್ಲೇ, ಕನ್ನಡದಲ್ಲಿ, ಫಲಕದ ಮೇಲೆ ಕಾಣಲಿ. ಕಾಮಗಾರಿಯ ಟೆಂಡರಿನಲ್ಲೇ ಮುಂದಿನ ಹತ್ತು ವರ್ಷಗಳ ನಿರ್ವಹಣೆಯೂ ಸೇರಲಿ. ಅಂಗಡಿಯವರು, ಬೀದಿ ವ್ಯಾಪಾರಿಗಳು, ಕಲಾವಿದರು, ನಿವಾಸಿಗಳಿರುವ ಸಮಿತಿಯೊಂದು ತಿಂಗಳಿಗೊಮ್ಮೆ ಆ ಅಧಿಕಾರಿಯೊಡನೆ ಕೂರಲಿ. ಕಲೆಗೆ ವೆಚ್ಚದ ಒಂದು ಪಾಲು ಮೊದಲೇ ನಿಗದಿಯಾಗಲಿ; ಅದರಲ್ಲಿ ಮಾಸಿದ್ದನ್ನು ಮತ್ತೆ ಬರೆಸುವ ಹಣವೂ ಇರಲಿ.

ನಗರದ ನಡುವಿನ ಶ್ರೀಮಂತ ಬೀದಿಗೆ ಇಷ್ಟೆಲ್ಲ ಏಕೆ, ಹೊರವಲಯದ ಬಡಾವಣೆಗಳಲ್ಲಿ ಫುಟ್‌ಪಾತೇ ಇಲ್ಲವಲ್ಲ ಎಂದು ಕೇಳುವವರ ಮಾತಿನಲ್ಲಿ ನ್ಯಾಯವಿದೆ. ರಸ್ತೆ ಅಪಘಾತಗಳಲ್ಲಿ ಸಾಯುವವರಲ್ಲಿ ಪಾದಚಾರಿಗಳ ಪಾಲು ದೊಡ್ಡದು. ಅವರಲ್ಲಿ ಹೆಚ್ಚಿನವರು ಸಾಯುವುದು ಇಂಥ ಕಲ್ಲುಹಾಸಿನ ಬೀದಿಗಳಲ್ಲಲ್ಲ. ವಿಕ್ಟೋರಿಯಾ ಆಸ್ಪತ್ರೆಗೆ ರೋಗಿಯ ಕೈಹಿಡಿದು ಬರುವವರಿಗೆ, ಕೃಷ್ಣರಾಜ ಮಾರುಕಟ್ಟೆಯಲ್ಲಿ ತಲೆಹೊರೆ ಹೊತ್ತು ನಡೆಯುವವರಿಗೆ ಬೇಕಾಗಿರುವುದು ಗ್ರಾನೈಟಲ್ಲ, ಎಡವದಂಥ ನೆಲ. ಆದರೆ ಮುಕ್ಕಾಲು ಕಿಲೋಮೀಟರಿನ ಒಂದು ಬೀದಿಯನ್ನು, ಅಷ್ಟು ಹಣ ಮತ್ತು ಗಮನ ಪಡೆದ ಮೇಲೂ, ನಡೆಯುವವರಿಗಾಗಿ ಕಾಯಲು ಬಾರದ ಆಡಳಿತ ಮಾರುಕಟ್ಟೆಯ ಬೀದಿಯನ್ನು ಕಾದೀತೆಂದು ಹೇಗೆ ನಂಬುವುದು? ಚರ್ಚ್‌ಸ್ಟ್ರೀಟಿನಲ್ಲಿ ನಿಯಮ ನೆಲೆಯೂರಿದರೆ ಅದನ್ನು ಅವೆನ್ಯೂ ರಸ್ತೆಗೆ, ಗಾಂಧಿ ಬಜಾರಿಗೆ, ಮಲ್ಲೇಶ್ವರದ ಸಂಪಿಗೆ ರಸ್ತೆಗೆ ಒಯ್ಯಬಹುದು. ಹೊಸ ಪಾಲಿಕೆಗಳಿಗೆ ಮತ ಕೇಳಲು ಬರುವವರೆದುರು ಬೆಂಗಳೂರಿನವರು ಇಡಬಹುದಾದ ಪ್ರಶ್ನೆ ಸರಳವಾದದ್ದು: ನಮ್ಮ ವಾರ್ಡಿನಲ್ಲಿ ಯಾವ ಬೀದಿಯನ್ನು ನಡೆಯುವವರಿಗೆ ಬಿಡುತ್ತೀರಿ, ಮತ್ತು ಬಿಟ್ಟ ಮೇಲೆ ಅದನ್ನು ಕಾಯುವವರು ಯಾರು?